ನೂರ ಇಪ್ಪತ್ತೊಂದನೇ ಪತ್ರ

ಮಂಗಳವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ 9.40ಕ್ಕೆ ಆಸ್ಪತ್ರೆಯ ವ್ಯವಸ್ಥಾಪಕ ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ಪತ್ರ ವಿಭಾಗದ ಪ್ರಿಂಟರನ್ನು ಹಿಂದಿನ ಸಂಜೆ ಯಾರೋ ಒಡೆದುಹಾಕಿದ್ದರು. ಸರ್ಕಾರಿ ಸ್ವತ್ತು. ಒಡೆದವನು ಯಾರೆಂಬುದನ್ನೂ ದೂರಿನಲ್ಲೇ ಬರೆದುಕೊಂಡು ಬಂದಿದ್ದ. ಪೊಲೀಸರಿಗೆ ಅಷ್ಟರಮಟ್ಟಿಗೆ ಉಪಕಾರ ಮಾಡಿದ್ದ.

"ಮನೆಗಳಿಗೆ ಬಣ್ಣ ಬಳಿಯೋನು, ಮೇಡಂ. ನಾಲ್ಕನೇ ತಾರೀಖು ಎಲ್ಲರೆದುರು ಕೂಗಾಡಿದ. ಇದನ್ನ ಪುಡಿಪುಡಿ ಮಾಡ್ತೀನಿ ಅಂದ."

"ಯಾಕೆ?" ಇನ್‌ಸ್ಪೆಕ್ಟರ್ ಕೇಳಿದರು.

"ಮಗಳನ್ನ ದೊಡ್ಡಾಸ್ಪತ್ರೆಗೆ ಸೇರಿಸೋಕೆ ನಮ್ಮ ಪತ್ರ ಬೇಕಿತ್ತು. ಪ್ರಿಂಟರ್ ಕೆಟ್ಟಿತ್ತು."

"ಈಗ ಹೇಗಿದಾಳೆ?"

ವ್ಯವಸ್ಥಾಪಕ ಕನ್ನಡಕ ತೆಗೆದು ಒರೆಸತೊಡಗಿದ. "ಐದನೇ ತಾರೀಖು ತೀರಿಕೊಂಡಳು."

10.15ಕ್ಕೆ ಎಫ್‌ಐಆರ್ ದಾಖಲಾಯಿತು. ದಫೇದಾರ ಹೋಗಿ ಬಣ್ಣದವನನ್ನು ಕರೆತಂದ. ಒಂಬತ್ತು ದಿನದಿಂದ ಕೆಲಸಕ್ಕೆ ಹೋಗಿರದಿದ್ದರೂ ಅವನ ಉಗುರುಸಂದಿಯಲ್ಲಿ ಹಳದಿ ಬಣ್ಣ ಉಳಿದಿತ್ತು.

"ಒಡೀತೀನಿ ಅಂದಿದ್ರಾ?"

"ಅಂದಿದ್ದೆ. ಒಡೀಲಿಲ್ಲ. ಈಗ ಒಡೆದು ಏನು ಬರುತ್ತೆ?"

"ನಿನ್ನೆ ಸಂಜೆ ಎಲ್ಲಿದ್ರಿ?"

"ಮನೇಲಿ. ಹೆಂಡ್ತಿ ಜೊತೆ. ಅವಳು ಮಾತೇ ಬಿಟ್ಟಿದಾಳೆ, ಸಾಕ್ಷಿ ಹೇಳಲ್ಲ. ನಾನು ಬಾಯಿಗಿಟ್ರೆ ಒಂದು ತುತ್ತು ತಿಂತಾಳೆ. ನನ್ನ ಒಳಗೆ ಹಾಕಿದ್ರೆ ಅವಳೂ ಉಳಿಯಲ್ಲ, ಮೇಡಂ."

ಅವನನ್ನು ಬೆಂಚಿನ ಮೇಲೆ ಕೂರಿಸಿ ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೊರಟರು. ಎಲ್ಲರೆದುರು ಬೆದರಿಕೆ ಹಾಕಿದವನು, ಸಾಕ್ಷಿಯಿಲ್ಲದ ಸಂಜೆ. ಬೇರೇನೂ ಸಿಗದಿದ್ದರೆ ಸಂಜೆಯೊಳಗೆ ಅವನನ್ನೇ ಕೋರ್ಟಿಗೆ ಹಾಜರುಪಡಿಸಬೇಕಿತ್ತು.

11.30ಕ್ಕೆ ಪಂಚನಾಮೆ ಶುರುವಾಯಿತು. ಒಂದು ಮೇಜು, ಎರಡು ಬೀರು, ಸರಳಿನ ಕಿಟಕಿ. ನೆಲದ ಮೇಲೆ ಪ್ರಿಂಟರಿನ ಚೂರುಗಳು, ಪಕ್ಕದಲ್ಲಿ ಕಾಲು ಸೊಟ್ಟಗಾದ ಕಬ್ಬಿಣದ ಸ್ಟೂಲು. ಕಚೇರಿಯವರು ಪ್ರಿಂಟರಿಗೆ ಅತ್ತೆ ಎಂದು ಹೆಸರಿಟ್ಟಿದ್ದರು. ಎಷ್ಟು ಓಲೈಸಿದರೂ ಮುಖ ಗಂಟಿಕ್ಕಿಕೊಂಡೇ ಇರುತ್ತಿತ್ತಂತೆ.

ದಫೇದಾರ ಮಂಡಿಯೂರಿ ನೋಡಿದ. "ಮೇಡಂ, ಸಿಟ್ಟಲ್ಲಿ ಒಡೆಯೋನು ಮೊದಲು ಪ್ಲಗ್ ಕೀಳ್ತಾನಾ? ವೈರು ಸುತ್ತಿ ರಬ್ಬರ್ ಬ್ಯಾಂಡ್ ಬೇರೆ ಹಾಕಿದಾನೆ."

ಖಾಲಿ ಹಾಳೆಗಳನ್ನು ಟ್ರೇಯಿಂದ ತೆಗೆದು ಹೊದಿಕೆಯಲ್ಲಿ ಸುತ್ತಿಡಲಾಗಿತ್ತು. ಮಸಿಯ ಟೋನರ್ ಡಬ್ಬಿ ಗೀರೂ ಬೀಳದೆ ಬೀರುವಿನಲ್ಲಿ ಕೂತಿತ್ತು.

"ಹೊಸ ಟೋನರಿಗೆ ಅರ್ಜಿ ಹಾಕಿದ್ರೆ ಎಷ್ಟು ದಿನಕ್ಕೆ ಬರುತ್ತೆ?" ಇನ್‌ಸ್ಪೆಕ್ಟರ್ ಕೇಳಿದರು.

"ಮೂರು ತಿಂಗಳು ಹಿಡಿಯುತ್ತೆ," ಎಂದ ವ್ಯವಸ್ಥಾಪಕ.

"ಅದು ಗೊತ್ತಿದ್ದೋರೇ ಒಡೆದಿರೋದು."

12.20ಕ್ಕೆ ಪ್ರಿಂಟರ್ ಮೆಕ್ಯಾನಿಕ್ ಫೋನಿನಲ್ಲಿ ಸಿಕ್ಕ. "ನಿನ್ನೆ ನಾಲ್ಕೂವರೆಗೆ ರಿಪೇರಿ ಮುಗೀತು, ಮೇಡಂ. ಎರಡನೇ ತಾರೀಖಿಂದ ಒಳಗೆ ಸಿಕ್ಕಿಕೊಂಡಿದ್ದ ಪತ್ರಗಳೆಲ್ಲ ಒಂದರ ಹಿಂದೊಂದು ಬರೋಕೆ ಶುರುವಾದ್ವು. ಗುಮಾಸ್ತರು ಸಹಿ ಮಾಡಿ ಸೀಲ್ ಹಾಕ್ತಾ ಕೂತ್ರು. ನಾನು ಹೊರಟುಬಂದೆ."

ಇನ್‌ಸ್ಪೆಕ್ಟರ್ ಮೇಜಿನ ಮೇಲಿನ ಪತ್ರಗಳನ್ನು ಒಂದೊಂದಾಗಿ ಎಣಿಸಿದರು. ಕ್ರಮಸಂಖ್ಯೆ 118ರಿಂದ 158. ಎಲ್ಲಕ್ಕೂ ಸಹಿ, ಸೀಲು. 121 ಇರಲಿಲ್ಲ.

ಗುಮಾಸ್ತ ಅಷ್ಟು ಹೊತ್ತೂ ಕಿಟಕಿಯ ಬಳಿ ನಿಂತಿದ್ದ. ಇಪ್ಪತ್ತೆರಡು ವರ್ಷದಿಂದ ಅದೇ ಮೇಜಿನ ಮನುಷ್ಯ.

"ನೂರ ಇಪ್ಪತ್ತೊಂದು ಎಲ್ಲಿ?"

ಅವನು ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆದುಕೊಟ್ಟ. "ಹೆಸರು ನೋಡದೇ ಸಹಿ ಮಾಡ್ಬಿಟ್ಟೆ, ಮೇಡಂ. ಕೈಗೆ ಅಭ್ಯಾಸ. ಸೀಲೂ ಒತ್ತಿದೆ. ಆಮೇಲೆ ನೋಡಿದ್ರೆ ಆ ಮಗು. ಆ ಪ್ರಿಂಟರು ಏನೂ ಆಗೇ ಇಲ್ಲ ಅನ್ನೋ ಹಾಗೆ ಇನ್ನೊಂದು, ಮತ್ತೊಂದು ಅಂತ ಕೊಡ್ತಾನೇ ಇತ್ತು. ಕೊನೇದಕ್ಕೂ ಸಹಿ ಹಾಕಿ ಮುಗಿಸಿ, ಆಮೇಲೆ ಸ್ಟೂಲು ಎತ್ತಿದೆ."

"ಪ್ಲಗ್ ಯಾಕೆ ಕಿತ್ತಿರಿ?"

"ಅದನ್ನ ಮುಟ್ಟೋ ಮುಂಚೆ ಯಾವಾಗ್ಲೂ ಕೀಳ್ತೀನಿ," ಎಂದ ಅವನು, ಪ್ರಶ್ನೆಯೇ ವಿಚಿತ್ರವೆಂಬಂತೆ.

"ಹಾಳೆ, ಟೋನರು?"

"ನಾಳೆ ಬರೋರಿಗೆ ಬೇಕಲ್ಲ."

ಹಿಂದೆಲ್ಲ ಇದೇ ಪತ್ರವನ್ನು ಕೈಯಲ್ಲೇ ಬರೆದುಕೊಡುತ್ತಿದ್ದರು. ಕೈಬರಹ ಕೂಡದೆಂದು ಆರು ತಿಂಗಳ ಹಿಂದೆ ಸುತ್ತೋಲೆ ಬಂದಿತ್ತು. ಬಣ್ಣದವನು ಮೂರು ದಿನ ಬಂದು ನಿಂತಾಗಲೂ ಗುಮಾಸ್ತ ಗೋಡೆಗೆ ಅಂಟಿಸಿದ ಆ ಸುತ್ತೋಲೆಯನ್ನೇ ತೋರಿಸಿದ್ದ.

ಮಧ್ಯಾಹ್ನ 2.10ಕ್ಕೆ ಅವನ ಬಂಧನವಾಯಿತು. ಠಾಣೆಗೆ ಕರೆತಂದಾಗ ಬಣ್ಣದವನು ಬೆಂಚಿನಿಂದ ಎದ್ದು ನಿಂತ. ದಫೇದಾರ ಇಬ್ಬರ ನಡುವೆ ಬಂದ. ಹೊಡೆದಾಟವಾದೀತೆಂದು ಎಲ್ಲರೂ ಕಾದರು, ಆಗಲಿಲ್ಲ. ಆಗಿದ್ದರೇ ಚೆನ್ನಾಗಿತ್ತೇನೋ.

"ನೀವು ಮನೆಗೆ ಹೋಗಬಹುದು," ಎಂದರು ಇನ್‌ಸ್ಪೆಕ್ಟರ್. "ಅದಕ್ಕೆ ಮುಂಚೆ ಈ ಪತ್ರ ನಿಮ್ಮ ಮಗಳದ್ದೇನಾ, ನೋಡಿ ಹೇಳಬೇಕು."

ಅವನು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ. ಮಗಳ ಹೆಸರು. ವಯಸ್ಸು ಏಳು. ಆಮೇಲೆ ಮೇಲ್ಗಡೆಯ ದಪ್ಪಕ್ಷರಕ್ಕೆ ಹೋದ.

"ತುರ್ತು ಅಂತ ಇದೆ," ಎಂದ ಗುಮಾಸ್ತನಿಗೆ. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತಪ್ಪಾ. ನಾನೇ ಟೈಪ್ ಮಾಡಿದ್ದು."

ಬಣ್ಣದವನು ಪತ್ರವನ್ನು ಮೇಜಿನ ಮೇಲಿಟ್ಟು, ಹೆಂಡತಿ ಒಬ್ಬಳೇ ಇದ್ದಾಳೆಂದು ಹೇಳಿ ಹೊರಟುಹೋದ.

ಸಂಜೆ ನಾಲ್ಕಕ್ಕೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ಬರೆಯಲು ಕೂತರು. ಆರೋಪಿಗೆ ಸಿಟ್ಟಿದ್ದದ್ದು ತನ್ನ ಮೇಲೆಯೇ, ಕೈಗೆ ಸಿಕ್ಕಿದ್ದು ಪ್ರಿಂಟರು, ಎಂದು ಬರೆದರು. ಅದರ ಕೆಳಗೆ ಇನ್ನೊಂದು ವಾಕ್ಯ ಸೇರಿಸಿದರು: ಪತ್ರವನ್ನು ಕೈಯಲ್ಲಿ ಬರೆದುಕೊಡಲು ಐದು ನಿಮಿಷ ಸಾಕಾಗಿತ್ತು ಎಂದು ಆರೋಪಿ ಯಾರೂ ಕೇಳದೆಯೇ ಮೂರು ಸಲ ಹೇಳಿರುತ್ತಾನೆ.