ದೇವರಮನೆಯ ಪ್ರಶ್ನೆಪತ್ರಿಕೆ

"ಕದ್ದಿಲ್ಲ ಅಂಕಲ್, ದೇವರಾಣೆ ನಾನು ಕದ್ದಿಲ್ಲ" ಎಂದು ಆ ಹುಡುಗಿ ಬದರೀನಾರಾಯಣನ ಜೆರಾಕ್ಸ್ ಅಂಗಡಿಯ ಮುಂದೆ ನಿಂತು ಅಳತೊಡಗಿದಾಗ ಅವನಿಗೆ ಮೊದಲು ಬಂದದ್ದು ಸಿಟ್ಟು. ಪಿಯುಸಿ ಪರೀಕ್ಷೆ ಹತ್ತಿರವಾಗಿತ್ತು. ಮಲ್ಲೇಶ್ವರದ ಕಾಲೇಜು ಮಕ್ಕಳೆಲ್ಲ ಹಳೆಯ ಪ್ರಶ್ನೆಪತ್ರಿಕೆಗಳಿಗಾಗಿ ಅವನ ತಲೆ ತಿನ್ನುತ್ತಿದ್ದರು. ಆದರೆ ಅಳುವವರನ್ನು ಕಂಡರೆ ಕರಗಿಬಿಡುವ ಜಾಯಮಾನ ಅವನದು. ಗೊಣಗುತ್ತಲೇ ಅವಳನ್ನು ಮಹಡಿಗೆ ಕರೆದೊಯ್ದ. ಅಲ್ಲಿ ಬಾಡಿಗೆಗಿದ್ದವರು ಯಶೋಧರಾ. ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿದ್ದರೂ ಸುತ್ತಮುತ್ತಲಿನ ಕಳವು, ಕಿತಾಪತಿಗಳೆಲ್ಲ ಕೊನೆಗೆ ಅವರ ಬಾಗಿಲಿಗೇ ಬರುತ್ತಿದ್ದವು. ಆಗೆಲ್ಲ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವ ಕೆಲಸ ಬದರಿಯದು.

ಹುಡುಗಿಯ ಹೆಸರು ಪೂಜಿತಾ. ಮತ್ತಿಕೆರೆಯ ಪಿ.ಜಿ.ಯಲ್ಲಿದ್ದುಕೊಂಡು ಓದುತ್ತಿದ್ದಳು. ಫಿಸಿಕ್ಸ್ ಪಾಠಕ್ಕೆ ಬಸವನಗುಡಿಯ ಶೀನಣ್ಣ ಮೇಷ್ಟ್ರ ಮನೆಗೆ ಹೋಗುತ್ತಿದ್ದಳು. ಮೊನ್ನೆ ಮೇಷ್ಟ್ರು ಮನೆಯಲ್ಲೇ ಮಾದರಿ ಪರೀಕ್ಷೆ ಇಟ್ಟರು. ಪರೀಕ್ಷೆ ಮುಗಿದ ಮೇಲೆ ನೋಡಿದರೆ, ಪ್ರಶ್ನೆಪತ್ರಿಕೆಯ ಕವರನ್ನು ಯಾರೋ ಮೊದಲೇ ಬಿಚ್ಚಿ ಮತ್ತೆ ಅಂಟಿಸಿದ್ದರು. ಸದಾ ಹಿಂದಿನ ಸಾಲಿನಲ್ಲಿರುತ್ತಿದ್ದ ಪೂಜಿತಾ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಿದ್ದಳು. ಸಾಲದ್ದಕ್ಕೆ, ಪರೀಕ್ಷೆಯ ದಿನ ಮಧ್ಯಾಹ್ನವೇ ಡೌಟ್ ಕೇಳಲು ಹೋಗಿ, ದೇವರಮನೆಯ ಪಕ್ಕದ ಹಾಲಿನಲ್ಲಿ ಒಬ್ಬಳೇ ಕೂತಿದ್ದಳು. ಕವರ್ ಇದ್ದದ್ದು ಆ ದೇವರಮನೆಯಲ್ಲೇ.

"ಕಾಲೇಜಿಗೂ ಹೇಳ್ತೀನಿ ಅಂದಿದಾರೆ ಮೇಡಂ. ಆಮೇಲೆ ನಾನು ಎಷ್ಟ್ ಮಾರ್ಕ್ಸ್ ತೆಗೆದ್ರೂ ಕದ್ದೇ ಬರೆದ್ಲು ಅಂತಾರೆ."

"ಅಷ್ಟು ಅಂಕ ಹೇಗೆ ಬಂತಮ್ಮ? ಅದನ್ನ ಹೇಳು" ಎಂದರು ಯಶೋಧರಾ.

"ಮೊದ್ಲೆಲ್ಲ ನೋಟ್ಸನ್ನೇ ಮತ್ತೆ ಮತ್ತೆ ಓದ್ತಿದ್ದೆ. ಓದುವಾಗ ಎಲ್ಲಾ ಗೊತ್ತು ಅನ್ಸೋದು, ಪೇಪರ್ ಕೈಗೆ ಬಂದ್ರೆ ತಲೆ ಖಾಲಿ. ಪುಸ್ತಕ ಮುಚ್ಚು, ಬಿಳಿ ಹಾಳೆ ತಗೊಂಡು ನೆನಪಿಂದ ಬರಿ, ತಪ್ಪಿದ ಕಡೆ ಸುತ್ತು ಹಾಕು, ನಾಲ್ಕು ದಿನ ಬಿಟ್ಟು ಅದನ್ನೇ ಮತ್ತೆ ಮಾಡು ಅಂತ ಸರ್ರೇ ಹೇಳ್ಕೊಟ್ರು. ಹಂಗೇ ಮಾಡ್ದೆ ಮೇಡಂ, ಅಷ್ಟೇ."

"ಪರೀಕ್ಷೆ ಹೊತ್ತಲ್ಲಿ ಏನಾದ್ರೂ ವಿಶೇಷ ನಡೀತಾ?"

"ಏನಿಲ್ಲ. ಸರ್ ಯಾವಾಗ್ಲೂ ಮಾಡೋ ಹಾಗೆ ಶುರುವಲ್ಲಿ ಒಂದು ಲೆಕ್ಕದೊಳಗಿನ ನಂಬರ್ ಬದಲಾಯಿಸಿದ್ರು. ಬಾಯಿಪಾಠ ಮಾಡಿದೋರು ಸಿಕ್ಕಿಬೀಳ್ಲಿ ಅಂತ."

ಯಶೋಧರಾ ಎದ್ದು ಚಪ್ಪಲಿ ಮೆಟ್ಟಿದರು. "ಸ್ಕೂಟರ್ ತೆಗೀರಿ ಬದರಿ. ನೀನು ಬಸ್ಸಲ್ಲಿ ಬಂದ್ಬಿಡು ಪೂಜಿತಾ." ವ್ಯಾಪಾರ ಹಾಳಾಯಿತಲ್ಲ ಎಂದು ಶಪಿಸುತ್ತ ಬದರಿ ಶಟರ್ ಎಳೆದ.

ಶೀನಣ್ಣನವರ ಮನೆ ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿತ್ತು. ಹೂವಿನಂಗಡಿಗಳ ಗದ್ದಲ ಹಾಲಿನವರೆಗೂ ಕೇಳಿಸುತ್ತಿತ್ತು. ಮನೆಯಲ್ಲಿದ್ದವರು ಮೂವರು: ಮೇಷ್ಟ್ರು, ಹೆಂಡತಿ ಕಾವೇರಮ್ಮ, ಮೊಮ್ಮಗ ವಸಿಷ್ಠ. ಅವನೂ ಅದೇ ತರಗತಿಯವನೇ.

"ನಮ್ಮನೇಲಿ ಮೊದಲಿಂದ ಒಂದು ಪದ್ಧತಿ" ಎಂದರು ಶೀನಣ್ಣ. "ಪ್ರಶ್ನೆಪತ್ರಿಕೆ ಗೋಂದು ಹಾಕಿ ಅಂಟಿಸಿ ಇವಳ ಕೈಗೆ ಕೊಡ್ತೀನಿ. ದೇವರ ಮುಂದಿಟ್ಟು ಪೂಜೆ ಮಾಡ್ತಾಳೆ. ಮಕ್ಕಳಿಗೆ ಒಳ್ಳೇದಾಗ್ಲಿ ಅಂತ. ಸಂಜೆ ನಾನು ಕವರಿನ ಪಕ್ಕ ಕತ್ತರಿಸಿ ತೆಗೀತೀನಿ. ಅದಕ್ಕೇ ಮುಚ್ಚಳ ಬಿಚ್ಚಿದ್ದು ಮೊದಲು ಗೊತ್ತಾಗ್ಲಿಲ್ಲ."

ಯಶೋಧರಾ ಕವರನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಚ್ಚಳದ ಅಂಚಿನಲ್ಲಿ ಬಿಳಿಯ ಒಣ ಚೂರೊಂದು ಉಗುರಿಗೆ ಸಿಕ್ಕಿತು. ಎಲ್ಲರ ಉತ್ತರಪತ್ರಿಕೆ ತರಿಸಿಕೊಂಡು ಒಂದೊಂದಾಗಿ ತಿರುವಿಹಾಕಿದರು. ತಿರುವುವಾಗ ಒಂದು ಹಾಳೆಯ ಮೂಲೆ ಹರಿಯಿತು. ಬೇಕೆಂದೇ ಹರಿದರೆಂದು ಬದರಿಗೆ ಅನ್ನಿಸಿತು.

"ಅಯ್ಯೋ, ಹರಿದೋಯ್ತಲ್ಲ. ಅಂಟಿಸೋಕೆ ಏನಾದ್ರೂ ಇದೆಯಾ?"

ವಸಿಷ್ಠ ಎದ್ದು ಓಡಿ, ತನ್ನ ಬ್ಯಾಗಿನಿಂದ ಗ್ಲೂ ಸ್ಟಿಕ್ ತಂದ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಕಾವೇರಮ್ಮ, "ಅದೆಲ್ಲ ಯಾತಕ್ಕೋ? ಇರಿ, ಎರಡಗುಳು ಅನ್ನ ತರ್ತೀನಿ, ಜಪ್ಪಯ್ಯ ಅಂದ್ರೂ ಬಿಡಲ್ಲ" ಎಂದರು. ಬದರಿಗೆ ಇದೆಲ್ಲ ಕಾಲಹರಣವಾಗಿ ಕಂಡಿತು.

ಬಸ್ಸಿಳಿದು ಬಂದ ಪೂಜಿತಾ ಹೊಸಿಲಾಚೆಯೇ ನಿಂತಳು. ಯಶೋಧರಾ ಅವಳನ್ನು ಒಳಗೆ ಕರೆದು ಎಲ್ಲರನ್ನೂ ಕೂರಿಸಿದರು.

"ನನಗೆ ಫಿಸಿಕ್ಸ್ ಬರಲ್ಲ ಸರ್. ನೀವು ನಂಬರ್ ಬದಲಾಯಿಸಿದ ಪ್ರಶ್ನೆ ಯಾವುದು?"

"ಸುಲಭದ್ದೇ. ಹನ್ನೆರಡು ವೋಲ್ಟ್ ಬ್ಯಾಟರಿ, ಅದರ ಒಳರೋಧ ಒಂದು ಓಮ್, ಹೊರಗಿನ ರೋಧ ಐದು. ಒಟ್ಟು ಆರು, ಕರೆಂಟು ಎರಡು ಆಂಪಿಯರ್. ಹೊರಗಿನದನ್ನ ಮೂರು ಅಂತ ತಿದ್ದಿಸಿದೆ. ಆಗ ಒಟ್ಟು ನಾಲ್ಕು, ಕರೆಂಟು ಮೂರು."

"ಅಂದ್ರೆ ಪತ್ರಿಕೆ ಮೊದಲೇ ನೋಡಿ ಉರುಹೊಡೆದವರಿಗೆ ಎರಡು ಅನ್ನೋ ಉತ್ತರವೇ ಬಾಯಲ್ಲಿರುತ್ತೆ. ಇದು ಪೂಜಿತಾಳ ಪತ್ರಿಕೆ. ಮೊದಲು ಒಳರೋಧ ಮರೆತು ನಾಲ್ಕು ಅಂತ ತಪ್ಪು ಬರೆದಿದಾಳೆ, ಆಮೇಲೆ ಹೊಡೆದುಹಾಕಿ ಮೂರು ಮಾಡಿದಾಳೆ. ಕದ್ದು ನೋಡಿದೋಳು ಹೀಗೆ ಒದ್ದಾಡ್ತಾಳಾ? ಈಗ ಇದನ್ನ ನೋಡಿ. ಮೇಲೆ ಮೂರು ಓಮ್ ಅಂತ ತಿದ್ದಿದಾನೆ, ಕೆಳಗೆ ಉತ್ತರ ಎರಡು ಆಂಪಿಯರ್."

ಪತ್ರಿಕೆಯ ಮೇಲಿದ್ದದ್ದು ವಸಿಷ್ಠನ ಹೆಸರು. ಹುಡುಗ ತಲೆ ತಗ್ಗಿಸಿದ.

"ಆದ್ರೆ ಕವರ್ ಬಿಚ್ಚಿದ್ದು ಇವನಲ್ಲ" ಎಂದರು ಯಶೋಧರಾ. "ಸರ್ ಅಂಟಿಸೋದು ಗೋಂದಲ್ಲಿ, ಇವನ ಕೈ ಹೋಗೋದು ಗ್ಲೂ ಸ್ಟಿಕ್‌ಗೆ. ಕವರಿಗೆ ಹತ್ತಿದ್ದು ಅನ್ನದಗುಳು. ಈ ಮನೇಲಿ ಅನ್ನ ಹಾಕಿ ಅಂಟಿಸೋರು ಒಬ್ರೇ."

ಕಾವೇರಮ್ಮ ಸೆರಗು ಬಾಯಿಗಿಟ್ಟುಕೊಂಡರು. "ಮಗು ಎರಡು ದಿನದಿಂದ ನೆಟ್ಟಗೆ ಊಟ ಮಾಡಿರ್ಲಿಲ್ಲ. ತಾತ ಬೈತಾರೆ ಅಜ್ಜಿ, ನನಗೇನೂ ತಲೆಗೆ ಹತ್ತಲ್ಲ ಅಂತ ಅಳ್ತಿದ್ದ. ಮನೆ ಪರೀಕ್ಷೆ ತಾನೇ ಅಂತ, ಇವರು ಬ್ಯಾಂಕಿಗೆ ಹೋದಾಗ ತೆಗೆದು ತೋರಿಸ್ದೆ. ಪೂಜೆ ಮಾಡಿದ ಕೈಯಲ್ಲೇ ತೆಗೆದೆ. ಅದೂ ಹೋಗ್ಲಿ, ಈ ಹುಡುಗಿ ಮೇಲೆ ಅಪವಾದ ಬಂದಾಗ್ಲೂ ಬಾಯಿ ಬಿಡ್ಲಿಲ್ಲವಲ್ಲ ನಾನು!"

ಶೀನಣ್ಣ ಹೆಂಡತಿಯತ್ತ ನೋಡಲಿಲ್ಲ. ಅವರ ಕಣ್ಣು ಮೊಮ್ಮಗನ ಪತ್ರಿಕೆಯ ಮೇಲಿತ್ತು. ಆ ತಪ್ಪು ಉತ್ತರದ ಪಕ್ಕದಲ್ಲಿ ಅವರದೇ ಕೆಂಪು ಅಕ್ಷರ: 'ಅವಸರ ಬೇಡ, ಗಮನವಿಟ್ಟು ಮಾಡು.'

"ನೀವು ಇದನ್ನ ನೋಡಿದ್ರಿ ಸರ್" ಎಂದರು ಯಶೋಧರಾ ಮೆಲ್ಲಗೆ.

"ನೋಡ್ದೆ." ಮೇಷ್ಟ್ರು ಆ ಪತ್ರಿಕೆಯನ್ನು ಮಗುಚಿಟ್ಟರು. "ಇವನದು ಅವಸರ ಅನ್ಕೊಂಡೆ. ಅವಳದು ಕಳ್ಳತನ ಅಂದೆ. ನಾನು ಹೇಳಿಕೊಟ್ಟಿದ್ದನ್ನ ಈ ಮನೇಲಿ ಮಾಡಿದೋಳು ಅವಳೊಬ್ಳೇ. ನನಗೇ ನಂಬಿಕೆ ಬರ್ಲಿಲ್ಲ ನೋಡಿ."

ಅವರು ಎದ್ದು ಪೂಜಿತಾಳ ಮುಂದೆ ಬಂದು ನಿಂತರು. "ತಪ್ಪಾಯ್ತು ಕಣಮ್ಮ. ಕಾಲೇಜಿಗೆ ಇನ್ನೂ ಏನೂ ಹೇಳಿಲ್ಲ. ಕ್ಲಾಸಲ್ಲಿ ಎಲ್ಲರ ಮುಂದೆ ನಾನೇ ತಪ್ಪೊಪ್ಕೋತೀನಿ. ನಾಳೆಯಿಂದ ಬಾ."

"ಪರವಾಗಿಲ್ಲ ಸರ್" ಎಂದಳು ಪೂಜಿತಾ. ಬಗ್ಗಿ ಕಾಲಿಗೆ ನಮಸ್ಕರಿಸಿದಳು. ಬರುತ್ತೇನೆಂದು ಮಾತ್ರ ಹೇಳಲಿಲ್ಲ.

ಅವಳು ಬರಲೂ ಇಲ್ಲ. ಮೇಷ್ಟ್ರು ಹೇಳಿದಂತೆಯೇ ಎಲ್ಲರ ಮುಂದೆ ತಪ್ಪೊಪ್ಪಿಕೊಂಡರು, ಕೇಳಬೇಕಾದವಳೇ ಇರಲಿಲ್ಲ. ಆಮೇಲೆ ಅವರು ಆಗಾಗ ಮೆಟ್ರೋ ಹತ್ತಿ ಮಲ್ಲೇಶ್ವರಕ್ಕೆ ಬಂದು, ಹೊಸ ಪ್ರಶ್ನೆಪತ್ರಿಕೆಯೊಂದನ್ನು ಬದರಿಯ ಕೈಗಿಟ್ಟು ಹೋಗತೊಡಗಿದರು. "ಕವರಿಗೆ ಹಾಕಿಲ್ಲ ಅಂತ ಅವಳಿಗೆ ಹೇಳಿ" ಎನ್ನುತ್ತಿದ್ದರು. ಪೂಜಿತಾ ಅದನ್ನು ಒಯ್ದು, ಬಿಡಿಸಿ ತಂದು ಬದರಿಯ ಕೈಗೇ ಕೊಡುತ್ತಿದ್ದಳು. ಮೇಷ್ಟ್ರನ್ನು ಹಳಿಯುವಂಥ ಒಂದು ಮಾತೂ ಅವಳ ಬಾಯಿಂದ ಬರಲಿಲ್ಲ.

ಪರೀಕ್ಷೆಗೆ ಮುಂಚಿನ ಕೊನೆಯ ಸಲ ಶೀನಣ್ಣ ಅಂಗಡಿಯ ಮುಂದೆ ನಿಂತೇ ಅವಳ ಹಾಳೆಗಳನ್ನು ತಿರುವಿದರು. ಎಲ್ಲವೂ ಸರಿಯಿತ್ತು, ಲೆನ್ಸಿನ ಒಂದು ಲೆಕ್ಕ ಬಿಟ್ಟು. ಅದನ್ನು ಅವಳು ಮೂರು ಸಲ ಮಾಡಿ, ಮೂರು ಸಲವೂ ತಪ್ಪಿ, ತಾನೇ ಸುತ್ತು ಹಾಕಿದ್ದಳು.

"ಬರೀ ಚಿಹ್ನೆ ತಪ್ಪಿದೆ ಬದರಿ. ಒಂದ್ನಿಮಿಷದ ಮಾತು" ಎಂದರು ಮೇಷ್ಟ್ರು. "ಮುಂಚೆ ಆಗಿದ್ರೆ ಇಂಥದ್ದಕ್ಕೆ ಬಿಸಿಲಲ್ಲಿ ಬಸ್ ಹತ್ತಿ ಮನೆ ತನಕ ಬಂದು ಕೂರ್ತಿದ್ಲು."

ಬದರಿ ಪೆನ್ನು ಮುಂದೆ ಚಾಚಿದ. ಮೇಷ್ಟ್ರು ಗಲ್ಲಾದ ಮೇಲೆ ಹಾಳೆ ಹರಡಿ, ಆ ಒಂದು ಚಿಹ್ನೆಯನ್ನು ತಿದ್ದಿ, ಅದು ಯಾಕೆ ಹಾಗೆ ಎಂದು ಪುಟ್ಟ ಅಕ್ಷರಗಳಲ್ಲಿ ಬರೆಯತೊಡಗಿದರು. ಬರೆಯುತ್ತ ಬರೆಯುತ್ತ ಮತ್ತಿಕೆರೆಯಿಂದ ಬರುವ ರಸ್ತೆಯ ಕಡೆಗೊಮ್ಮೆ ನೋಡಿದರು.