ಮಂತ್ರವಾದಿಗೆ ಕೊಟ್ಟ ಮನೆ

ಏನು ಹೇಳಬೇಕಿದ್ದರೂ ಅದನ್ನು ಮೊದಲು ತುಟಿಯೊಳಗೇ ಒಮ್ಮೆ ಆಡಿ ನೋಡುವುದು ನೀಲಾಂಬೆಯ ಅಭ್ಯಾಸ. ಅವಳು ಆಡಿ ನೋಡುವಷ್ಟರಲ್ಲಿ ಉಳಿದವರು ಉಂಡು ಕೈ ತೊಳೆದಿರುತ್ತಿದ್ದರು.

ಬಹಳ ಹಿಂದಿನ ಮಾತು ಇದು. ಕಡಲಿಗೂ ಮೋಡಕ್ಕೂ ನಡುವೆ ಕಿನ್ನರಪಟ್ಟಣವೆಂಬ ರಾಜ್ಯವಿತ್ತು. ಅಲ್ಲಿ ನೀಲಾಂಬೆಯ ಮನೆತನದ್ದು ಪಿಯಾನೊ ಕಾರ್ಖಾನೆ. ಮುತ್ತಜ್ಜಿಯ ಮುತ್ತಜ್ಜಿ, ಸಿಡಿಲು ಬಡಿದ ಹಲಸಿನ ಮರ ಹಾಡುವುದನ್ನು ಕೇಳಿ, ಅದನ್ನೇ ಕೊರೆದು ಮೊದಲ ಪಿಯಾನೊ ಮಾಡಿದ್ದಳು. ಅವಳ ಮಗಳು ತಂತಿ ಬಿಗಿಯುವುದನ್ನು ಕಲಿತಳು. ಮೊಮ್ಮಗಳು ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳಿಗೆ ಉಣ್ಣೆ ಹೊದಿಸಿದಳು. ಅಲ್ಲಿಂದೀಚೆಗೆ ಆ ಕಾರ್ಖಾನೆಯ ಪಿಯಾನೊ ನುಡಿಯದೆ ಯಾವ ರಾಜನಿಗೂ ಪಟ್ಟ ಕಟ್ಟಿದ್ದಿಲ್ಲ. ಬೆರಳಿಟ್ಟು ಒತ್ತುವ ಒಂದೊಂದು ಬಿಳಿ ಪಟ್ಟಿಗೂ ಕರಿ ಪಟ್ಟಿಗೂ ಅವರು ‘ಮನೆ’ ಅನ್ನುತ್ತಿದ್ದರು. ಸ್ವರ ವಾಸವಾಗಿರುವುದು ಅಲ್ಲೇ ತಾನೇ!

ಒಂದು ದಿನ ಕಬಳನೆಂಬ ಮಂತ್ರವಾದಿ ಬಂದ. ದನಿಯೇ ಅವನ ಊಟ. ಕೋಳಿಯ ಕೂಗು ನುಂಗಿದ, ತೇಗಿದ. ಗಂಟೆಯ ನಾದ ನುಂಗಿದ, ತೇಗಿದ. ಕಾರ್ಖಾನೆಯ ಪಿಯಾನೊಗಳನ್ನೆಲ್ಲ ಮೂಕ ಮಾಡಿ, ಯಜಮಾನಿಯಾಗಿದ್ದ ನೀಲಾಂಬೆಯ ಅಜ್ಜಿ ಕಾಳಮ್ಮಜ್ಜಿಯ ಎದುರು ಬಂದು ಕೂತ.

“ಮುದುಕಿ, ಈ ಕಾರ್ಖಾನೆಯಿಂದ ನನಗೊಂದು ಮನೆ ಬೇಕು. ಹುಣ್ಣಿಮೆಯೊಳಗೆ ಕೊಟ್ಟರೆ ನುಂಗಿದ್ದೆಲ್ಲ ಕಾರಿ, ಅದರೊಳಗೇ ಇದ್ದುಬಿಡ್ತೀನಿ. ನನ್ನ ನಾಲಿಗೆಯಾಣೆ! ಕೊಡದಿದ್ದರೆ ಊರವರ ಮಾತನ್ನೂ ನುಂಗ್ತೀನಿ.”

ಆಣೆ ತಪ್ಪಿದ ಮಂತ್ರವಾದಿ ಬೂದಿಯಾಗುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಅಷ್ಟು ಮಾತ್ರ ಸಮಾಧಾನ.

“ಕಾರ್ಖಾನೆ ಬಿಟ್ಟುಕೊಟ್ಟು ಎಲ್ಲಾದರೂ ಹಪ್ಪಳ ಮಾಡ್ಕೊಂಡಿರೋಣ ನಡಿಯೇ,” ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ನೀಲಾಂಬೆ ಮಂತ್ರವಾದಿಯ ಮಾತನ್ನು ತುಟಿಯೊಳಗೇ ಆಡಿ ನೋಡಿದಳು. ನನಗೊಂದು ಮನೆ ಬೇಕು. ಇನ್ನೊಮ್ಮೆ ಆಡಿದಳು. ಆಮೇಲೆ ತಲೆಯೆತ್ತಿ, “ಕೊಡೋಣ ಅಜ್ಜಿ. ಅವನಿಗಂತಲೇ ಒಂದು ಗಟ್ಟಿ ಮನೆ ಮಾಡ್ತೀನಿ,” ಅಂದಳು.

“ನೀನಾ? ಬೆಕ್ಕು ಕಂಡರೆ ಹೆದರೋಳು!”

“ಹೆದರಿಕೊಂಡೇ ಮಾಡ್ತೀನಿ.”

ಮೊದಲು ಕಲ್ಲುಹಾವಿನ ಕಾಡಿಗೆ ಹೋದಳು. “ಹಿಂದಕ್ಕೆ ಹೋಗು,” ಅಂದಿತು ಹಾವು. “ಮನೆ ಮಾಡಬೇಕು, ಮರ ಕೊಡು,” ಅಂದಳು. ಹಾವು ಅವಳನ್ನು ಸುತ್ತಿ ಬಿಗಿಯಿತು. ಅವಳು ಹಲ್ಲು ಕಚ್ಚಿ ನಿಂತೇ ಇದ್ದಳು. ಕೊನೆಗೆ ಹಾವಿಗೇ ಸುಸ್ತಾಗಿ, ಬಾಲದಿಂದ ಒಂದು ಮರ ಕಿತ್ತುಕೊಟ್ಟಿತು.

ಆಮೇಲೆ ಉಕ್ಕಿನ ಜೇಡದ ಗುಹೆಗೆ ಹೋದಳು. “ಹಿಂದಕ್ಕೆ ಹೋಗು,” ಅಂದಿತು ಜೇಡ. “ಮನೆ ಮಾಡಬೇಕು, ತಂತಿ ಕೊಡು,” ಅಂದಳು. ಜೇಡ ತನ್ನ ಬಲೆಯನ್ನೆಲ್ಲ ಸಿಕ್ಕುಸಿಕ್ಕು ಮಾಡಿ ಎದುರಿಗೆಸೆಯಿತು. ಬೆರಳಲ್ಲಿ ರಕ್ತ ಬಂದರೂ ಅವಳು ಸಿಕ್ಕು ಬಿಡಿಸಿಯೇ ಎದ್ದಳು.

ಕಡೆಗೆ ಬೆಂಕಿಟಗರಿನ ಬೆಟ್ಟ. “ಹಿಂದಕ್ಕೆ ಹೋಗು!” “ಮನೆ ಮಾಡಬೇಕು, ಉಣ್ಣೆ ಕೊಡು.” ಟಗರು ಕೊಂಬು ತಗ್ಗಿಸಿ ನುಗ್ಗಿತು. ನೀಲಾಂಬೆ ಕಣ್ಣು ಮುಚ್ಚಿ ಕೈ ಚಾಚಿದಳು. ಕೈ ಅದರ ಕಿವಿಯ ಹಿಂದೆ ಹೋಯಿತು. ಅಂಗೈ ಸುಟ್ಟರೂ ಕೆರೆದಳು. ಹುಟ್ಟಿದಾಗಿನಿಂದ ಅಲ್ಲಿ ಯಾರೂ ಕೆರೆದಿರಲಿಲ್ಲವಂತೆ. ಟಗರು ಕಣ್ಣು ಮುಚ್ಚಿ ಮಲಗಿಬಿಟ್ಟಿತು; ಅವಳು ಬೇಕಾದಷ್ಟು ಉಣ್ಣೆ ಕತ್ತರಿಸಿಕೊಂಡಳು.

ಹುಣ್ಣಿಮೆಯ ಬೆಳಿಗ್ಗೆ ಕಬಳ ಬಂದ. “ಎಲ್ಲಿ ನನ್ನ ಮನೆ?”

ನೀಲಾಂಬೆ ಹೊಸ ಪಿಯಾನೊದ ಮುಚ್ಚಳ ತೆರೆದಳು. ಎಡತುದಿಯಲ್ಲಿ ಒಂದು ಕರಿ ಪಟ್ಟಿ ಹೆಚ್ಚಾಗಿತ್ತು. “ಇದೇ.”

“ಇದು ಮನೆಯಾ? ಇದರಲ್ಲಿ ಇರುವೆಯೂ ಕಾಲು ಚಾಚೋಕಾಗಲ್ಲ!”

“ನಮ್ಮ ಕಾರ್ಖಾನೆಯಲ್ಲಿ ಮನೆ ಅಂದರೆ ಇದೇ ಸ್ವಾಮಿ. ಯಾರನ್ನು ಬೇಕಾದರೂ ಕೇಳಿ.”

“ಹೌದು, ಇದೇ!” ಅಂದರು ಕೆಲಸದವರೆಲ್ಲ.

“ಗೃಹಪ್ರವೇಶಕ್ಕೆ ಹಾಲುಕ್ಕಿಸ್ಲೇನಪ್ಪಾ?” ಅಂದಳು ಅಜ್ಜಿ.

ಆಣೆ ಅವನ ಕೊರಳು ಹಿಡಿಯಿತು. ಕಬಳ ಕೋಳಿಯ ಕೂಗನ್ನು ಕಾರಿದ, ಗಂಟೆಯ ನಾದವನ್ನು ಕಾರಿದ, ಪಿಯಾನೊಗಳ ಸ್ವರಗಳನ್ನೆಲ್ಲ ಕಾರಿದ. ಕಾರಿದಷ್ಟೂ ಕಿರಿದಾಗಿ, ಕೊನೆಗೆ ಆ ಮನೆಯೊಳಗೆ ಜಾರಿಹೋದ. ಊರೆಲ್ಲ ಒಟ್ಟಿಗೆ ಮಾತಾಡಿತು. ಯಾರು ಏನಂದರೋ ಯಾರಿಗೂ ಕೇಳಿಸಲಿಲ್ಲ. ಪಟ್ಟಾಭಿಷೇಕಗಳಾದವು, ಮದುವೆಗಳಾದವು, ಕಾರ್ಖಾನೆ ಬೆಳೆಯಿತು, ಎಲ್ಲರೂ ಸುಖವಾಗಿದ್ದರು.

ಆ ಪಿಯಾನೊವನ್ನು ಮಾತ್ರ ನೀಲಾಂಬೆ ಯಾರಿಗೂ ಕೊಡಲಿಲ್ಲ. ದಿನವೂ ತಾನೇ ಅದರ ಧೂಳು ಒರೆಸುತ್ತಾಳೆ. ಎಡತುದಿಗೆ ಬಂದಾಗ ಬಟ್ಟೆಯನ್ನು ಪಟ್ಟಿ ಒತ್ತದಷ್ಟು ಹಗುರಾಗಿ ಆಡಿಸುತ್ತಾಳೆ. ಒಳಗಿನಿಂದ ಸೊಳ್ಳೆಯಷ್ಟು ಸಣ್ಣ ದನಿ ಏಳುತ್ತದೆ:

“ತಾಯೀ, ಹಸಿವು. ಒಂದೇ ಒಂದು ಸಲ ಈ ಮನೆ ಒತ್ತಮ್ಮಾ.”