ಮೀಸೆ ತಡೆಯದ ಬಿಸಿ

“ಹೊಟ್ಟೆಕಿಚ್ಚು ಕಣೇ ನಿಂಗೆ! ಬೇಕಂತಾನೇ ಸುಟ್ಟಿದ್ದೀಯ!”

“ಹೊಟ್ಟೆಕಿಚ್ಚೇ, ಏನೀಗ? ಆದ್ರೆ ಸುಟ್ಟಿಲ್ಲ ನಾನು,” ಎಂದು ಲಿಖಿತ ಗಂಡ ಗಗನ್‌ಗಿಂತ ಜೋರಾಗಿ ಕೂಗಿದಳು.

ಇಬ್ಬರ ನಡುವೆ, ರೇಷ್ಮೆ ಗೂಡು ತೇಲುತ್ತಿದ್ದ ಬಿಸಿನೀರಿನ ತೊಟ್ಟಿಯ ಮೇಲೆ, ಯಂತ್ರ ಎರಡೂ ತೋಳೆತ್ತಿ ನಿಂತುಬಿಟ್ಟಿತ್ತು. ತೋಳಿನ ತುದಿಯಲ್ಲಿ ಉದ್ದನೆಯ ಮೀಸೆಗಳು. ಜಿರಳೆ ಕತ್ತಲಲ್ಲಿ ದಾರಿ ಹುಡುಕುವುದು ಮೀಸೆ ತಾಗಿಸಿಕೊಂಡೇ. ಮೀಸೆಯ ಮೇಲಿನ ಸಣ್ಣ ಕೂದಲು ಬಾಗಿದರೆ ಸಾಕು, ಅದಕ್ಕೆ ತಿಳಿಯುತ್ತದೆ. ವಿಜ್ಞಾನಿ ಸಬೀಹಾ ಅದೇ ಉಪಾಯ ಹಿಡಿದು, ಒಂದೊಂದು ಕೂದಲಿನ ಬುಡದಲ್ಲೂ ಒತ್ತಡ ಮತ್ತು ಶಾಖ ಅಳೆಯುವ ಚುಕ್ಕೆ ಇಟ್ಟಿದ್ದರು. ಬೆಂದ ಗೂಡನ್ನು ಸವರಿ, ಎಳೆಯ ಕೊನೆ ಹಿಡಿದು ಚರಕಕ್ಕೆ ಕೊಡುವುದು ಶಿಡ್ಲಘಟ್ಟದಲ್ಲಿ ಹೆಂಗಸರ ಬೆರಳಿನ ಕೆಲಸ. 2061ರಲ್ಲಿ ಅದನ್ನು ಈ ಯಂತ್ರ ಕಲಿಯುತ್ತಿತ್ತು. ಕಲಿಸುತ್ತಿದ್ದವಳು ಲಿಖಿತ.

ನೂಲು ತೆಗೆಯುವ ಆ ಘಟಕದ ಮಾಲೀಕ ಗಗನ್ ಬೆಳಿಗ್ಗೆ ಬಂದವನೇ ಮೀಸೆಗಳನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಿದ್ದ. ಸಂಜೆ ಹೊದಿಕೆ ಹೊದಿಸುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹೆಂಡತಿಯ ಅಂಗೈ ತಿರುಗಿಸಿ ನೋಡಿದ ಗಂಡಸಲ್ಲ ಅವನು. ಲಿಖಿತಳಿಗೆ ಆ ಯಂತ್ರ ಸವತಿಯಾಗಿತ್ತು. ಅದು ಕಾಣುವ ಕಡೆ ಕೂತು ಅವಳು ಊಟ ಮಾಡುತ್ತಿರಲಿಲ್ಲ.

ಸಬೀಹಾ ಬಂದು ಮೀಸೆ ನೋಡಿದರು. “ಕೂದಲಿನ ಬುಡದ ಅಂಟು ಕರಗಿದೆ. ನೀರಿನ ಬಿಸಿ ಇಟ್ಟವರು ಯಾರು?”

“ನಾನೇ. ದಿನಾ ನನಗೆ ಇಟ್ಕೊಳೋ ಬಿಸೀನೇ ಇಟ್ಟೆ.”

“ಎಂಬತ್ತೆರಡು ಡಿಗ್ರಿ ಇದೆ ಲಿಖಿತಮ್ಮ! ಇದರೊಳಗೆ ಕೈ ಹಾಕ್ತೀರಾ?”

“ಮೊದಲು ಉರೀತಿತ್ತು. ಈಗೇನೂ ಇಲ್ಲ.”

ಸಬೀಹಾ ಅವಳ ಕಣ್ಣು ಮುಚ್ಚಿಸಿ, ಬೆರಳ ತುದಿಗಳಿಗೆ ಒಂದು ಸೂಜಿ ತಾಗಿಸಿದರು. “ಗೊತ್ತಾಯ್ತಾ?”

“ಏನು?”

“ಐದು ಸಲ ಚುಚ್ಚಿದೆ.” ಸಬೀಹಾರ ಧ್ವನಿ ಇಳಿಯಿತು. “ಬೆರಳು ಮರಗಟ್ಟಿದೆಯಮ್ಮ. ನೀವು ಎಳೆ ಹಿಡೀತಿರೋದು ಕಣ್ಣಳತೆ ಮೇಲೆ.”

ಗಗನ್‌ಗೆ ಇದು ಕೇಳಿಸಲೇ ಇಲ್ಲ. ತೊಟ್ಟಿಯ ಕೆಳಗೆ ಬಗ್ಗಿ ಹಬೆಯ ವಾಲ್ವ್ ತಿರುಗಿಸುತ್ತಿದ್ದ. “ಎಷ್ಟಕ್ಕೆ ಇಳಿಸ್ಲಿ ಮೇಡಮ್?”

“ಐವತ್ತು. ಗೂಡು ಬೇರೆ ಕಡೆ ಬೇಯಿಸ್ಕೊಳ್ಳಿ. ನೂಲು ಸ್ವಲ್ಪ ನಿಧಾನ ಆಗುತ್ತೆ.”

“ಆಗ್ಲಿ ಬಿಡಿ. ಪಾಪ, ಅದು ಸುಟ್ಕೊಂಡ್ರೆ ಹೆಂಗೆ?”

ಲಿಖಿತ ಮೆಲ್ಲಗೆ ಕೇಳಿದಳು: “ಮದುವೆಯಾಗಿ ಬಂದ ವಾರದಲ್ಲೇ ಬಿಸಿ ಇಳಿಸಿ ಅಂತ ಕೇಳಿದ್ದೆ. ಏನಂದ್ರಿ ನೀವು?”

“ಈಗ್ಯಾಕೆ ಅದು? ಏನೋ ಅಂದಿರ್ತೀನಿ.”

“ಅಭ್ಯಾಸ ಆಗುತ್ತೆ ಅಂದ್ರಿ.”

ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊರಟಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗಲೂ ತಿರುಗಿ ನೋಡಲಿಲ್ಲ.

“ಎಲ್ಲಿಗೆ ಹೋಗ್ತಾಳೆ? ಊಟದ ಹೊತ್ತಿಗೆ ಬರ್ತಾಳೆ ಬಿಡಿ,” ಎಂದ ಗಗನ್.

ಪಕ್ಕದ ತೊಟ್ಟಿಯಲ್ಲಿ ಎಳೆ ಹಿಡಿಯುತ್ತಿದ್ದ ಆಯೇಷಾ ಕೈ ಹೊರಗೆ ತೆಗೆದಳು. “ಮೇಡಮ್, ಆ ಮೀಸೆ ನಮ್ಮ ನೀರಲ್ಲೂ ಅದ್ದಿ. ಅದು ತಡೆದ್ರೆ ನಾವು ಕೈ ಹಾಕ್ತೀವಿ.” ಸಾಲಿನಲ್ಲಿದ್ದ ಒಬ್ಬೊಬ್ಬಳೂ ಕೈ ತೆಗೆದಳು. ಚರಕಗಳು ನಿಂತವು.

ಯಂತ್ರದ ಜಿರಳೆ ಮೀಸೆ ತಡೆಯದ ಬಿಸಿಯನ್ನು ಮನುಷ್ಯರ ಕೈ ತಡೆಯಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ. ವಾಲ್ವ್ ತಿರುಗಿಸಲು 2061ರವರೆಗೆ ಕಾಯಬೇಕಾಗಿಯೂ ಇರಲಿಲ್ಲ.

ಊಟದ ಹೊತ್ತು ಮೀರಿತು. ಲಿಖಿತ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ, ಆಮೇಲೆಂದೂ ಬರಲಿಲ್ಲ.